ಹಸನು ಮಾಡಿದ ಬಟಾಣಿ

ಅಜ್ಜಂಪುರ
14 ಜೂನ್ 2024

ಮಗಳೇ ಸಂಗೀತಾ,

ಹೇಗಿದ್ದೀಯ? ನಿನ್ನ ಜೊತೆ ರೂಮಿನಲ್ಲೂ ಲ್ಯಾಬಿನಲ್ಲೂ ಇರುವ ಪ್ರತಿಮಾಳಿಗೆ ಜ್ವರ ಬಿಟ್ಟಿತೇ? ನಿಮ್ಮ ಸಂಶೋಧನೆಯ ಗೈಡು ವಿಶ್ವಾರಾಧ್ಯ ಸರ್ ಅವರ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡಲು ಹೇಳು. ಸಖರಾಯಪಟ್ಟಣದಲ್ಲಿ ನನ್ನ ತಂಗಿ, ನಿನ್ನ ಅಮ್ಮ ಮಲ್ಲಿಕಾಂಬ ಚೆನ್ನಾಗಿದ್ದಾಳೆ. ನಿನ್ನ ಅಪ್ಪ ಕಾಂತರಾಜನ ಬೆನ್ನುನೋವು ಮಾತ್ರ ಹೊಲದ ಕೆಲಸ ಬಂದಾಗ ಬರುತ್ತದೆ, ಮದುವೆ ಊಟಕ್ಕೆ ಹೊರಟಾಗ ಹೋಗುತ್ತದೆ ಎಂದು ಅವಳ ದೂರು. ಇಲ್ಲಿ ನಿನ್ನ ದೊಡ್ಡಪ್ಪ ಆರೋಗ್ಯ. ಗಿರಣಿಯ ಬೆಲ್ಟು ಹೊಸದು ಹಾಕಿಸಿದರು. ನನ್ನ ಕಿವಿ ಮೊದಲಿನಂತೆಯೇ ಇದೆ. ತರೀಕೆರೆಯ ಡಾಕ್ಟರು ಕೊಟ್ಟ ಮಿಷನ್ನು ಗಿರಣಿಯ ಸದ್ದನ್ನು ದೊಡ್ಡದು ಮಾಡುತ್ತದೆ, ಮನುಷ್ಯರ ಮಾತನ್ನಲ್ಲ. ಹಾಗಾಗಿ ಫೋನು ಬೇಡ. ಕಾಗದವೇ ಇರಲಿ.

ನೀನು ಕೇಳಿದ ಬಟಾಣಿ ಇದರ ಜೊತೆ ಬರುತ್ತಿದೆ. ನಿನ್ನ ಅಪ್ಪ ಎಲ್ಲವನ್ನೂ ಹಸಿ ಕಾಯಿಯಲ್ಲೇ ಕಿತ್ತು ಮಾರುವವನು. ಅವನ ಹೊಲದಲ್ಲಿ ಕೀಳದೆ ಉಳಿದು ಗಿಡದಲ್ಲೇ ಒಣಗಿದ್ದನ್ನು ನಾನು ತಂದು ಬೂದಿ ಹಾಕಿ ಇಟ್ಟುಕೊಂಡದ್ದು ನಾಲ್ಕು ಸೇರು ಮಾತ್ರ. ಅದರಲ್ಲಿ ಎರಡು ಸೇರನ್ನು ಯುಗಾದಿಗೆ ಬಂದಿದ್ದ ನನ್ನ ನಾದಿನಿ ಈಶ್ವರಮ್ಮ ದೇವನೂರಿಗೆ ಹೊತ್ತುಕೊಂಡು ಹೋದಳು. ಉಳಿದದ್ದರಲ್ಲಿ ಮುಕ್ಕಾಲು ಪಾಲು ನಿನಗೆ.

'ಬಿತ್ತುವ ಹಾಗಿರಬೇಕು, ಹಸನಾಗಿರಬೇಕು ದೊಡ್ಡಮ್ಮ' ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಎರಡು ಸಲ ಓದಿಕೊಂಡೇ ಕೆಲಸಕ್ಕೆ ಕೂತೆ. ಒಂದು ವಾರ ತಡವಾಗಿದ್ದು ಅದಕ್ಕೇ. ಡಬ್ಬದ ಮೇಲೆ ನಿನ್ನ ಹೆಸರನ್ನು ನಾನೇ ಬರೆದೆ. ದೊಡ್ಡಪ್ಪ ನೋಡಿ ನಕ್ಕರು: "ಗಿರಣಿಗೆ ಬರೋ ಡಬ್ಬದ ಹೆಸ್ರು ನೋಡ್ಕಂಡು ಅಕ್ಷರ ಕಲ್ತೋಳು, ಈಗ ಡಬ್ಬದ ಮೇಲೇ ಬರ್ದು ಋಣ ತೀರುಸ್ತಾವ್ಳೆ!"

ಇಷ್ಟು ಕಾಳನ್ನು ತಿನ್ನದೆ ಬಿತ್ತದೆ ಏನು ಮಾಡುತ್ತೀಯ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಬಿಡಿಸಿ ಬರೆ.

ನಿನ್ನ ದೊಡ್ಡಮ್ಮ,
ತೀರ್ಥಮ್ಮ


ಅಜ್ಜಂಪುರ
3 ಆಗಸ್ಟ್ 2024

ಮಗಳೇ,

ನಿನ್ನ ನಾಲ್ಕು ಹಾಳೆ ಕಾಗದ ಬಂದು ಹತ್ತು ದಿನವಾಯಿತು. ದಿನಕ್ಕೆ ಅರ್ಧ ಹಾಳೆಯಂತೆ ಓದಿದೆ. ತಿಳಿದದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ ಕಳಿಸು.

ಬಯೋಟಿನ್ ಎಂಬುದು ಒಂದು ಜೀವಸತ್ವ. ಬೇಕಾಗುವುದು ಚಿಟಿಕೆಯಲ್ಲಿ ಚಿಟಿಕೆ, ಆದರೆ ಅದಿಲ್ಲದೆ ಗಿಡದ ಒಳಗೆಲಸ ನಡೆಯದು. ಅದನ್ನು ಹಿಡಿದುಕೊಂಡು ದುಡಿಯುವ ಪ್ರೊಟೀನುಗಳು ಬೇರೆ ಇವೆ. ಆದರೆ ಬಟಾಣಿ ಬಲಿಯುವಾಗ ಕಾಳಿನಲ್ಲಿ ಇನ್ನೊಂದು ಪ್ರೊಟೀನು ಹುಟ್ಟುತ್ತದೆ. ಅದು ಬಯೋಟಿನ್ನನ್ನು ಬಿಗಿಯಾಗಿ ಹಿಡಿದುಕೊಂಡು ಸುಮ್ಮನೆ ಕೂರುತ್ತದೆ, ಆ ದುಡಿಯುವವುಗಳ ಹಾಗೆ ಕೆಲಸ ಮಾಡುವುದಿಲ್ಲ. ಕಾಳು ಒಣಗಿ ಡಬ್ಬದಲ್ಲಿದ್ದಷ್ಟು ಕಾಲ ಹಾಗೆಯೇ ಇರುತ್ತದೆ. ನೀರು ತಗುಲಿ ಕಾಳಿಗೆ ಮೊಳೆಯುವ ಮನಸ್ಸಾಯಿತೋ, ಆ ಪ್ರೊಟೀನೇ ಕರಗತೊಡಗುತ್ತದೆ. ಹಿಡಿದಿಟ್ಟಿದ್ದು ಎಳೆ ಮೊಳಕೆಗೆ ಒದಗುತ್ತದೆ ಎಂಬುದು ತಿಳಿದವರ ಅಂದಾಜು. ಸರಿಯೇ?

ನೀನು ಕಾಳನ್ನು ಅರೆದು, ಅದರ ಪ್ರೊಟೀನುಗಳನ್ನು ತೆಳು ಹಾಳೆಯ ಮೇಲೆ ಗೆರೆಗಳಾಗಿ ಇಳಿಸಿ, ಬಯೋಟಿನ್ ಇದ್ದ ಗೆರೆ ಮಾತ್ರ ಕಪ್ಪಾಗುವ ಹಾಗೆ ಮಾಡಿ ನೋಡುತ್ತೀಯ. ಒಣ ಕಾಳಿನಲ್ಲಿ ಗೆರೆ ಕಪ್ಪಗೆ, ನೆನೆದಷ್ಟೂ ಮಾಸಲು. ಅಂಗಡಿ ಬೀಜಕ್ಕೂ ನಮ್ಮೂರ ಬೀಜಕ್ಕೂ ಗೆರೆ ಮಾಸುವ ವೇಗದಲ್ಲಿ ವ್ಯತ್ಯಾಸವಿದೆಯೇ ಎಂಬುದು ನಿನ್ನ ಪ್ರಶ್ನೆ.

ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. "ಏನೂ ಕೆಲ್ಸ ಮಾಡ್ದೆ ಸುಮ್ಕೆ ಹಿಡ್ಕಂಡು ಕೂತಿರ್ತದೆ ಅಂದ್ರೆ ಅದು ನಮ್ ಮಾವನೇ ಕಣೇ! ಕೊನೇಗಂಟ ತೋಟದ ಖಾತೆ ಬಿಟ್ಕೊಡ್ಲಿಲ್ಲ" ಎಂದರು. ನನ್ನ ಅಪ್ಪನ ಸುದ್ದಿ ಬೇಡ ಎಂದೆ. ಮೊಟ್ಟೆಯ ಬಿಳಿಯಲ್ಲೂ ಬಯೋಟಿನ್ ಹಿಡಿಯುವ ಪ್ರೊಟೀನಿದೆ ಎಂದು ಬರೆದಿದ್ದೀಯಲ್ಲ, ಮೊಟ್ಟೆಯ ಮಾತು ಈ ಮನೆಯಲ್ಲಿ ಆಗದು, ಆ ಭಾಗವನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಂಡೆ.

ಕಿವಿ ತೋರಿಸಲು ತರೀಕೆರೆಗೆ ಹೋದಾಗ ಔಷಧಿ ಅಂಗಡಿಯಲ್ಲಿ ಕೇಳಿದೆ, ಬಯೋಟಿನ್ ಅಂದರೆ ಏನಪ್ಪಾ ಅಂತ. "ಕೂದ್ಲು ಉದುರೋದಕ್ಕೆ ಮಾತ್ರೆ ಬತ್ತದಲ್ಲಜ್ಜಿ, ಅದೇಯ" ಎಂದ. ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ನಿನ್ನ ದೊಡ್ಡಪ್ಪ ಟೋಪಿ ತೆಗೆದು ಬೋಳು ತಲೆ ಸವರಿಕೊಂಡು, "ನಂಗೂ ಒಂದ್ ಹಿಡಿ ಬಟಾಣಿ ಹಾಕೇ" ಎಂದು ಮೂರು ದಿನ ಕಾಡಿದರು.

ನನಗೊಂದು ಅನುಮಾನ. ಕಾಳಿಗೆ ನೀರು ಬಂದದ್ದು ಗೊತ್ತಾಗುವುದು ಹೇಗೆ? ಮಳೆಗಾಲದ ತಂಡಿಗೆ ಉಪ್ಪು ನೀರಾಗುತ್ತದಲ್ಲ, ಅಷ್ಟು ತೇವಕ್ಕೂ ಆ ಪ್ರೊಟೀನು ಹಿಡಿತ ಬಿಟ್ಟೀತೇ? ಇಲ್ಲ, ಮುಳುಗಬೇಕೇ?

ನೀನು ಹೈಸ್ಕೂಲಿಗೆ ಇಲ್ಲಿದ್ದ ಮೂರು ವರ್ಷ, ರಾಗಿ ಮೊಳಕೆ ಕಟ್ಟಿದ ಬಟ್ಟೆಯನ್ನು ಗಳಿಗೆಗೊಮ್ಮೆ ಬಿಚ್ಚಿ ನೋಡಿ ನನ್ನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ. ಈಗ ಅದನ್ನೇ ಮಾಡಲು ಸರ್ಕಾರ ನಿನಗೆ ಸಂಬಳ ಕೊಡುತ್ತಿದೆ. ಬೈದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ದೊಡ್ಡಮ್ಮ


ಮೈಸೂರು
22 ಸೆಪ್ಟೆಂಬರ್ 2024

ದೊಡ್ಡಮ್ಮ,

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಕೆಟ್ಟಿದೆ.

ಅಂಗಡಿ ಬೀಜದಲ್ಲಿ ಎಲ್ಲ ಸರಿಯಾಗಿ ಬಂತು. ನೀನು ಕಳಿಸಿದ್ದರಲ್ಲಿ, ನಾನು ನೀರು ಮುಟ್ಟಿಸುವ ಮೊದಲೇ, ಒಣ ಕಾಳಿನಲ್ಲೇ ಗೆರೆ ಮಾಸಿದೆ. ಹಾಗಾಗಬಾರದು. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ. ಸರ್ ನನ್ನ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡಿ, "ಒಣ ಕಾಳಿನ ಚೀಟಿಯನ್ನ ನೆನೆದ ಕಾಳಿಗೆ ಅಂಟಿಸಿದ್ದೀಯಮ್ಮ" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಡಿಸೆಂಬರ್ ಹತ್ತಕ್ಕೆ ಸಮಿತಿಯ ಮುಂದೆ ಎಲ್ಲವನ್ನೂ ಇಡಬೇಕು. ಅಷ್ಟರಲ್ಲಿ ಕಾರಣ ಹೇಳಲಾಗದಿದ್ದರೆ ಊರ ಬೀಜದ ಕೆಲಸವನ್ನು ನನ್ನಿಂದ ತೆಗೆದು ಪ್ರತಿಮಾಳಿಗೆ ಕೊಡುತ್ತಾರೆ. ಚೀಟಿ ಅದಲುಬದಲು ಮಾಡುವವಳು ಎಂಬ ಹೆಸರು ನನಗೆ ಉಳಿಯುತ್ತದೆ. ಅದಕ್ಕಿಂತ ಮೊದಲೇ ಬಿಟ್ಟು ಬಂದುಬಿಡಲೇ ಅನ್ನಿಸುತ್ತಿದೆ. ಅಮ್ಮನಿಗೆ ಹೇಳಬೇಡ.

ನಾನು ಅದಲುಬದಲು ಮಾಡಿಲ್ಲ ದೊಡ್ಡಮ್ಮ. ಮಾಡಿಲ್ಲ ಅಂತಲೇ ಅಂದುಕೊಂಡಿದ್ದೇನೆ. ಈಗೀಗ ನನಗೇ ಅನುಮಾನ.

ಸಂಗೀತಾ


ಅಜ್ಜಂಪುರ
1 ಅಕ್ಟೋಬರ್ 2024

ಸಂಗೀತಾ,

ನಿನ್ನ ಅಮ್ಮನಿಗೆ ಹೇಳಿಲ್ಲ. ಬಿಟ್ಟು ಬರುವ ಮಾತು ಈಗ ಬೇಡ.

ಗಿರಣಿಯಲ್ಲಿ ಮೂವತ್ತೈದು ವರ್ಷ ಡಬ್ಬ ಎಣಿಸಿದವಳು ನಾನು, ಕೇಳು. ಒಂದು ಸಲ ರಂಗಯ್ಯನ ಮನೆಯ ಡಬ್ಬ ತೆಗೆದು ಬೀಸಿ ಕೊಟ್ಟೆವು. ಸಂಜೆ ರಂಗಯ್ಯ ಬಂದು ಬಾಗಿಲಲ್ಲೇ ನಿಂತು ಕೂಗಾಡಿದ: "ಜೋಳ ಕಳ್ಸಿದ್ರೆ ರಾಗಿ ಹಿಟ್ಟು ಕೊಟ್ಟವ್ರಲ್ಲ, ಕಣ್ ಕಾಣಾಕಿಲ್ವೇನ್ರೀ ನಿಮ್ಗೆ?" ನಿನ್ನ ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಅಳುವುದೊಂದು ಬಾಕಿ. ಆಮೇಲೆ ಯೋಚಿಸಿ, ರಂಗಯ್ಯನ ಪಕ್ಕದ ಮನೆಯ ಅಂಜಿನಪ್ಪನನ್ನು ಕರೆಸಿದೆ. ನೋಡಿದರೆ ಅವನ ಕೈಯಲ್ಲಿ ಜೋಳದ ಹಿಟ್ಟು! ಇಬ್ಬರ ಹೆಂಡತಿಯರೂ ಒಂದೇ ಜಗಲಿಯಲ್ಲಿ ಕೂತು ಕಾಳು ತುಂಬಿದ್ದರು, ಮುಚ್ಚಳ ಬದಲಾಗಿದ್ದು ಅಲ್ಲಿ. ಹೆಸರು ಇದ್ದದ್ದು ಮುಚ್ಚಳದ ಮೇಲೆ ತಾನೇ? ತಪ್ಪು ಗಿರಣಿಯಲ್ಲಿ ಆದದ್ದಲ್ಲ. ಗಿರಣಿಗೆ ಬರುವ ಮೊದಲೇ, ಮನೆಯಲ್ಲೇ ಆಗಿತ್ತು. ನಿನ್ನ ಚೀಟಿಯ ಮೇಲೇ ಕಣ್ಣಿಟ್ಟು ಕೂರಬೇಡ, ಅದಕ್ಕಿಂತ ಹಿಂದಕ್ಕೆ ಹೋಗಿ ಹುಡುಕು.

ಇನ್ನೊಂದು ಸಂಗತಿ ಹೇಳಿದರೆ ನಿನಗೆ ಖುಷಿಯಾಗುತ್ತದೆ. ನಾನೂ ನಿನ್ನ ಹಾಗೆ ಪರೀಕ್ಷೆ ಮಾಡಿದೆ. ತರೀಕೆರೆಯಿಂದ ಅಂಗಡಿ ಬಟಾಣಿ ತಂದಿದ್ದೆ. ಅದರಲ್ಲಿ ಇಪ್ಪತ್ತು, ನಿನಗೆ ಕಳಿಸಿ ಉಳಿದದ್ದರಲ್ಲಿ ಇಪ್ಪತ್ತು, ಬೇರೆ ಬೇರೆ ಬಟ್ಟೆಯಲ್ಲಿ ಒದ್ದೆ ಮಾಡಿ ಕಟ್ಟಿದೆ. ನಮ್ಮವು ಮಾರನೇ ದಿನಕ್ಕೇ ಮೂತಿ ತೋರಿಸಿದವು! ಅಂಗಡಿಯವು ಇನ್ನೂ ಒಂದು ದಿನ ಮಲಗಿದ್ದವು. ಗಿರಣಿಗೆ ಬಂದವರಿಗೆಲ್ಲ ತೋರಿಸಿದೆ. "ನಿಮ್ ಬಟಾಣಿಗೆ ಏನವಸ್ರ ಕಣ್ರೀ, ಬಸ್ಸು ಹಿಡಿಯೋ ಹಂಗೆ" ಎಂದು ಜನ ನಕ್ಕರು. ಗೆರೆ ಮಾಸಿದ್ದರೇನು, ನಮ್ಮ ಕಾಳಿನ ಜೀವ ಮಾಸಿಲ್ಲ. ಹೋಗಿ ನಿಮ್ಮ ಸರ್‌ಗೆ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು.

ದೊಡ್ಡಮ್ಮ


ಮೈಸೂರು
8 ಅಕ್ಟೋಬರ್ 2024

ದೊಡ್ಡಮ್ಮ,

ಮಾರನೇ ದಿನಕ್ಕೇ ಮೊಳಕೆಯೇ? ಅಷ್ಟು ಬೇಗ ಬರುವುದಿಲ್ಲವಲ್ಲ.

ಆ ಬೀಜವನ್ನು ಕಳಿಸುವ ಮೊದಲು ಒಂದು ವಾರ ಏನು ಮಾಡಿದೆ? ನಿನ್ನ ಮನೆಯಲ್ಲಿ 'ಹಸನು' ಅಂದರೆ ಏನೇನು ಮಾಡುತ್ತಾರೆ? ಒಂದನ್ನೂ ಬಿಡದೆ ಬರೆ. ಇವತ್ತೇ ಬರೆ.

ಸಂಗೀತಾ


ಅಜ್ಜಂಪುರ
14 ಅಕ್ಟೋಬರ್ 2024

ಸಂಗೀತಾ,

ನಿನ್ನ ಕಾಗದವನ್ನು ಗಿರಣಿಯ ಬಾಗಿಲಲ್ಲಿ ನಿಂತೇ ಓದಿದೆ. ಎರಡನೇ ಪ್ರಶ್ನೆ ಓದುವಾಗಲೇ ನನಗೆ ಉತ್ತರ ಗೊತ್ತಾಯಿತು. ಒಳಗೆ ಹೋಗಿ ಕೂತುಕೊಂಡೆ.

ನೆನೆಸಿದ್ದೆ ಕಣೇ.

ನನ್ನ ತವರಲ್ಲಿ, ನಿನ್ನ ಅಮ್ಮನ ಮನೆಯಲ್ಲಿ, ಬೀಜ ಹಸನು ಮಾಡುವುದೆಂದರೆ ಮೊರದಲ್ಲಿ ಕೇರಿ, ಕಲ್ಲು ಆರಿಸುವುದು. ಈ ಮನೆಗೆ ಬಂದ ಮೇಲೆ ನನ್ನ ಅತ್ತೆ ಕಲಿಸಿದ್ದು ಬೇರೆ. ಎರೆ ಹೊಲದ ತೇವ ಆರುವುದರೊಳಗೆ ಬೀಜ ಮೇಲೆ ಬರಬೇಕಲ್ಲ, ಅದಕ್ಕೆ ಬಿತ್ತುವ ಬೀಜವನ್ನು ಮೊದಲು ನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದು, ಮುಳುಗಿದ್ದನ್ನು ಬೆಳಗಿನವರೆಗೂ ನೀರಲ್ಲೇ ಬಿಡಬೇಕು. ಆಮೇಲೆ ಬಸಿದು ಒದ್ದೆ ಗೋಣಿಯಲ್ಲಿಟ್ಟು, ಮೂತಿ ಒಡೆಯುವ ಮೊದಲೇ ತೆಗೆದು, ಮೂರು ನಾಲ್ಕು ದಿನ ನೆರಳಲ್ಲಿ ಆರಿಸಬೇಕು. ಅಲ್ಲಿ ಕಲ್ಲು ಆರಿಸುತ್ತಾರೆ, ಇಲ್ಲಿ ಕಾಳನ್ನೇ ಆರಿಸುತ್ತಾರೆ. ಆರಿದ ಮೇಲೆ ನೋಡಿದವರಿಗೆ ಒಣ ಕಾಳೇ. ಕೈಯಲ್ಲಿ ಆಡಿಸಿದರೆ ಗಲಗಲ ಅನ್ನುತ್ತದೆ. ನಲವತ್ತೈದು ವರ್ಷ ಹೀಗೆ ಮಾಡಿ ಮಾಡಿ, ಅದು ಹೇಳಬೇಕಾದ ಸಂಗತಿ ಎಂದೇ ನನಗೆ ಹೊಳೆಯಲಿಲ್ಲ. ಅನ್ನಕ್ಕೆ ಅಕ್ಕಿ ತೊಳೆದೆ ಎಂದು ಯಾರಾದರೂ ಬರೆಯುತ್ತಾರೆಯೇ? ನೀನು 'ಬಿತ್ತುವ ಹಾಗಿರಬೇಕು' ಎಂದಿದ್ದೆ. ಬಿತ್ತುವ ಹಾಗೆಯೇ ಮಾಡಿದೆ.

ಮಳೆಗಾಲದ ತಂಡಿಗೆ ಹಿಡಿತ ಬಿಡುತ್ತದೆಯೇ ಎಂದು ನಿನ್ನನ್ನು ಕೇಳಿದವಳೂ ನಾನೇ, ಮುಳುಗಿಸಿ ಕಳಿಸಿದವಳೂ ನಾನೇ. ಮುಚ್ಚಳದ ಕಥೆ ಹೇಳಿ ನಿನಗೆ ಬುದ್ಧಿ ಬೇರೆ ಹೇಳಿದೆ.

ನಿನ್ನ ದೊಡ್ಡಪ್ಪ ಇದನ್ನು ಬರೆಯಬೇಡ ಎಂದರು. "ಲೇ, ಕೂಸು ವರ್ಷದ ಕೆಲ್ಸ ಹೋಯ್ತು ಅಂತ ಅಳ್ತಾ ಕೂತದೆ. ನಿನ್ನಿಂದ ಅಂತ ಗೊತ್ತಾದ್ರೆ ಇನ್ನು ಈ ಮನೆ ಬಾಗ್ಲಿಗೆ ಬತ್ತದಾ? ಬರೀ ಕೇರಿ ಕಳ್ಸಿದೆ ಅಂತ ಬರಿ, ಆಯ್ತು."

"ಅಂಗ್ ಬರುದ್ರೆ ಅವ್ಳು ಸಾಯೋಗಂಟ ತನ್ ಚೀಟೀನೇ ಅನುಮಾನ ಪಡ್ತಾಳೆ ಕಣ್ರೀ" ಎಂದೆ.

ಅವರು ಎದ್ದು ಗಿರಣಿ ಹಚ್ಚಿದರು. ಬೀಸಲು ಏನೂ ಇರಲಿಲ್ಲ.

ನೀನು ಚೀಟಿ ಅದಲುಬದಲು ಮಾಡಿಲ್ಲ. ಈ ಕಾಗದವನ್ನು ನಿಮ್ಮ ಸರ್‌ಗೆ ತೋರಿಸು. ಬೇಕಿದ್ದರೆ ಸಮಿತಿಯವರಿಗೂ ಓದಲು ಕೊಡು.

ತೀರ್ಥಮ್ಮ


ಅಜ್ಜಂಪುರ
29 ಅಕ್ಟೋಬರ್ 2024

ಸಂಗೀತಾ,

ಎರಡು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಕೋಪವಿದ್ದರೆ ಇರಲಿ. ನಾನು ಸುಮ್ಮನೆ ಕೂರಲಾರದೆ ಒಂದು ಕೆಲಸ ಮಾಡಿ ಬಂದಿದ್ದೇನೆ.

ನನ್ನ ಬಾಯಿಮಾತನ್ನು ಸಮಿತಿಯವರು ಯಾಕೆ ನಂಬುತ್ತಾರೆ ಎನ್ನಿಸಿತು. ಅದೇ ಬೆಳೆಯ, ನೀರು ಕಾಣದ ಕಾಳು ಬೇಕು. ನನ್ನಲ್ಲಿ ಉಳಿದದ್ದೆಲ್ಲ ನೆನೆಸಿದ್ದೇ. ಆಗ ಈಶ್ವರಮ್ಮ ಒಯ್ದ ಎರಡು ಸೇರು ನೆನಪಾಯಿತು. ಬೀರೂರಿಗೆ ಒಂದು ಬಸ್ಸು, ಕಡೂರಿಗೆ ಒಂದು, ಅಲ್ಲಿಂದ ದೇವನೂರಿಗೆ ಇನ್ನೊಂದು. ಕಡೂರಿನಲ್ಲಿ ಕಂಡಕ್ಟರು ಕೂಗಿದ್ದು ಕೇಳಿಸದೆ ಒಂದು ಬಸ್ಸು ತಪ್ಪಿತು. ಹೋಗುವಷ್ಟರಲ್ಲಿ ಮಧ್ಯಾಹ್ನ.

"ಅತ್ಗೆಮ್ಮಾ! ಏನ್ ಹೇಳ್ದೆ ಕೇಳ್ದೆ ಬಂದ್ಬುಟ್ರಿ?" ಎಂದು ಈಶ್ವರಮ್ಮ ಗಾಬರಿಯಾದಳು. ಬಟಾಣಿ ಎಂದೆ.

"ಬಟಾಣೀನಾ? ಆ ಬಟಾಣಿ ಹಬ್ಬದಾಗೇ ಸಾಗು ಆಗೋಯ್ತಲ್ಲ!"

ನಾನು ಜಗಲಿಯಲ್ಲೇ ಕೂತೆ. ಅಲ್ಲಿ ಅವಳ ಅಳಗುಳಿಮಣೆ ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದ ಮನೆಯ ಕರಿಯಮ್ಮನ ಜೊತೆ ಆಟ ಅರ್ಧಕ್ಕೆ ನಿಂತಿತ್ತು. ಗುಳಿಗಳಲ್ಲಿ ಹುಣಸೆ ಬೀಜ ಇರಲಿಲ್ಲ ಮಗಳೇ, ಬಟಾಣಿ ಇತ್ತು.

"ಇದು?" ಎಂದೆ.

"ಹುಣ್ಸೆಬೀಜ ಎಲ್ಲಾ ಕಳ್ದೋಗಿತ್ತು, ಅದುಕ್ಕೆ ಅದ್ರಲ್ಲೇ ಒಸಿ ತಕ್ಕಂಡೆ."

"ತೊಳ್ದಿದ್ದೀಯಾ?"

"ಆಡೋ ಕಾಯ್ನ ಯಾರಾರ ತೊಳೀತಾರಾ?"

ಹದಿನಾಲ್ಕು ಗುಳಿ, ಗುಳಿಗೆ ಐದು, ಎಪ್ಪತ್ತಿರಬೇಕು. ಎಣಿಸಿದರೆ ಅರವತ್ತೆಂಟು. "ಇನ್ನೆರಡು ಈ ಕರಿಯಮ್ಮನ ಸೆರಗ್ನಾಗವೆ. ಸೋಲೋ ಹೊತ್ಗೆ ಸರ್ಯಾಗಿ ಮಾಯ ಆಯ್ತವೆ" ಎಂದಳು ಈಶ್ವರಮ್ಮ. "ನನ್ ಸೆರಗ್ ಬಿಚ್ಚಿ ನೋಡು, ಸಿಕ್ಲಿಲ್ಲಾಂದ್ರೆ ನಿನ್ ಮಣೆ ಒಲೆಗೇ ಹಾಕ್ತೀನಿ" ಎಂದು ಕರಿಯಮ್ಮ ಎದ್ದೇಬಿಟ್ಟಳು. ಅವರಿಬ್ಬರ ಜಗಳ ನಡೆಯುತ್ತಿದ್ದಾಗ ನಾನು ಅರವತ್ತೆಂಟನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಏಳು ತಿಂಗಳು ಬೆರಳಾಡಿ ಕಾಳು ನುಣುಪಾಗಿವೆ. ಒಂದು ಹನಿ ನೀರು ಕಂಡಿಲ್ಲ. ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಡಬ್ಬದ ಮೇಲೂ ಬರೆದಿದ್ದೇನೆ, ಒಳಗೆ ಚೀಟಿಯನ್ನೂ ಇಟ್ಟಿದ್ದೇನೆ: 'ಹಾಗೇ. ಏನೂ ಮಾಡಿಲ್ಲ.'

ದೊಡ್ಡಮ್ಮ


ಅಜ್ಜಂಪುರ
21 ಡಿಸೆಂಬರ್ 2024

ಮಗಳೇ ಸಂಗೀತಾ,

ನಿನ್ನ ಕಾಗದ ನಿನ್ನೆ ಬಂತು. ಅಂಚೆಯವನು ಕೊಟ್ಟ ಕೂಡಲೇ ಒಡೆಯಲಿಲ್ಲ. ದೊಡ್ಡಪ್ಪ ಗಿರಣಿ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತರು, ಆಮೇಲೆ ಒಡೆದೆ.

ಈಶ್ವರಮ್ಮನ ಕಾಳಿನಲ್ಲಿ ಗೆರೆ ಕಪ್ಪಗೆ ಬಂತು ಎಂಬಲ್ಲಿಗೆ ಬಂದಾಗ ಅವರು "ಇನ್ನೊಂದ್ಸಲ ಓದು" ಎಂದರು. ಅದೇ ಕಾಳಿನಲ್ಲಿ ಇಪ್ಪತ್ತನ್ನು ನಿಮ್ಮ ಸರ್ ತಮ್ಮ ಕೈಯಿಂದಲೇ ನನ್ನ ರೀತಿಯಲ್ಲಿ ನೆನೆಸಿ ಆರಿಸಿದಾಗ ಗೆರೆ ಮಾಸಿತು ಎಂಬುದನ್ನೂ ಎರಡು ಸಲ ಓದಿಸಿಕೊಂಡರು. ಸಮಿತಿಯ ಮುಂದೆ ಸರ್ "ಚೀಟಿ ಮೊದಲಿಂದಲೂ ಸರಿಯಾಗೇ ಇತ್ತು, ತಪ್ಪು ಓದಿದ್ದು ನಾನು" ಎಂದರಂತಲ್ಲ, ಅದನ್ನು ಎಷ್ಟು ಸಲ ಓದಿದೆವೋ ಲೆಕ್ಕ ಇಡಲಿಲ್ಲ. ಕೆಲಸ ನಿನ್ನಲ್ಲೇ ಉಳಿಯಿತು. ಮಂಡಿನೋವಿನ ಮನುಷ್ಯ, ಒಳ್ಳೆಯವರು.

ಅಕ್ಟೋಬರಿನಿಂದ ಇಲ್ಲಿಯವರೆಗೆ ಯಾಕೆ ಬರೆಯಲಿಲ್ಲವೆಂದು ನೀನು ಹೇಳಿಲ್ಲ. ನಾನು ಕೇಳುವುದೂ ಇಲ್ಲ. 'ನೀನು ಸುಮ್ಮನಿದ್ದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ' ಎಂದು ಕೊನೆಯಲ್ಲಿ ಬರೆದಿದ್ದೀಯ. ಆ ಸಾಲನ್ನು ದೊಡ್ಡಪ್ಪನಿಗೆ ಓದಲಿಲ್ಲ. ಅವರೇ ಕಾಗದ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿ, ಹುಡುಕಿ ಓದಿಕೊಂಡರು. ಎದ್ದು ಗಿರಣಿಗೆ ಹೋದರು. ಸಂಕ್ರಾಂತಿಗೆ ನೀನು ಬರುವೆಯೆಂದು ಸಂಜೆ ಗಿರಣಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಇನ್ನು ನಿಮ್ಮ ಸರ್ ಕೇಳಿದ ಪ್ರಶ್ನೆಗಳು. ಎಷ್ಟು ಗಂಟೆ ನೆನೆಸಿದಿರಿ, ಗೋಣಿಯಲ್ಲಿ ಎಷ್ಟು ಹೊತ್ತು? ಗಡಿಯಾರ ನೋಡಿ ಮಾಡಿದ್ದಲ್ಲ. ರಾತ್ರಿ ಊಟದ ತಟ್ಟೆ ತೊಳೆದ ಮೇಲೆ ನೀರಿಗೆ ಹಾಕಿದ್ದು. ಬೆಳಿಗ್ಗೆ ಹಾಲಿನವನು ಬಂದಾಗ ಬಸಿದದ್ದು. ಮಧ್ಯಾಹ್ನದ ರೈಲು ಹೋದ ಮೇಲೆ ಗೋಣಿ ಬಿಚ್ಚಿದ್ದು. ರೈಲು ಅಂದು ತಡವಾಗಿ ಬಂತೋ ಏನೋ, ಅದನ್ನೂ ಸೇರಿಸಿಕೊಳ್ಳಲು ಹೇಳು. ಮುಂದಿನ ಸಲ ದೊಡ್ಡಪ್ಪನ ವಾಚು ಪಕ್ಕದಲ್ಲಿಟ್ಟುಕೊಂಡು ಮಾಡುತ್ತೇನೆ.

ಮುಂದಿನ ಸಲ ಇದೆ. ನಿನ್ನ ಅಪ್ಪನಿಗೆ ಹೇಳಿ ಕಳಿಸಿದ್ದೆ, ಈ ಬೆಳೆಯಲ್ಲಿ ಒಂದು ಸಾಲನ್ನು ಕೀಳದೆ ಗಿಡದಲ್ಲೇ ಒಣಗಲು ಬಿಡು ಎಂದು. "ಅತ್ಗೆಮ್ಮ ಯಾವಾಗ್ನಿಂದ ಸೈಂಟಿಸ್ಟ್ ಆದ್ರು?" ಎಂದನಂತೆ. ಆದರೂ ಬೇಲಿ ಕಡೆಯ ಸಾಲು ಬಿಟ್ಟಿದ್ದಾನೆಂದು ನಿನ್ನ ಅಮ್ಮ ತಿಳಿಸಿದ್ದಾಳೆ. ಎರಡು ಡಬ್ಬ ಮಾಡುತ್ತೇನೆ. ಒಂದರ ಮೇಲೆ 'ಹಸನು', ಇನ್ನೊಂದರ ಮೇಲೆ 'ಹಾಗೇ'. ಹೆಸರನ್ನು ಮುಚ್ಚಳದ ಮೇಲಲ್ಲ, ಡಬ್ಬದ ಹೊಟ್ಟೆಯ ಮೇಲೇ ಬರೆಯುತ್ತೇನೆ.

ಈಶ್ವರಮ್ಮ ತನ್ನ ಕಾಯಿಗಳು ಎಲ್ಲಿ ಎಂದು ಕೇಳಿ ಕಳಿಸಿದ್ದಳು. ಅರೆದು ಗೆರೆ ಮಾಡಿದ್ದಾರೆ ಎಂದು ಹೇಳುವುದು ಹೇಗೆ? ಎಪ್ಪತ್ತು ಹುಣಸೆ ಬೀಜ ತೊಳೆದು ಕಳಿಸಿದೆ. ಕರಿಯಮ್ಮನಿಗೆಂದು ಎರಡು ಹೆಚ್ಚಿಗೆ ಹಾಕಿದ್ದೇನೆ.

ಈಗ ನನ್ನದೊಂದು ಪ್ರಶ್ನೆ. ಇದನ್ನು ಬಿಟ್ಟು ಬೇರೆ ಏನೂ ತಲೆಯಲ್ಲಿ ನಿಲ್ಲುತ್ತಿಲ್ಲ. ನೆನೆದ ಕಾಳು ಬಯೋಟಿನ್ನಿನ ಮೇಲಿನ ಹಿಡಿತ ಬಿಟ್ಟಿತು, ಸರಿ. ಮೊಳಕೆಗೆ ಕೊಡೋಣವೆಂದೇ ಬಿಟ್ಟದ್ದು. ಅಷ್ಟರಲ್ಲಿ ನಾನು ತೆಗೆದು ನೆರಳಲ್ಲಿ ಹರಡಿದೆ, ಕಾಳು ಮತ್ತೆ ಒಣಗಿತು, ಮೊಳಕೆ ಬರಲಿಲ್ಲ. ಹಾಗಾದರೆ ಬಿಟ್ಟುಕೊಟ್ಟ ಆ ಬಯೋಟಿನ್ ಅಷ್ಟು ದಿನ ಎಲ್ಲಿತ್ತು? ಹಿಡಿದಿದ್ದ ಪ್ರೊಟೀನು ಅರ್ಧ ಕರಗಿ ಹೋಗಿದೆ, ತೆಗೆದುಕೊಳ್ಳಬೇಕಾದ ಮೊಳಕೆ ಇನ್ನೂ ಹುಟ್ಟಿಲ್ಲ. ನಮ್ಮ ಕಾಳು ಮಾರನೇ ದಿನಕ್ಕೇ ಮೂತಿ ತೋರಿಸಿದ್ದಕ್ಕೂ ಅದಕ್ಕೂ ಸಂಬಂಧ ಇದೆಯೇ, ಇಲ್ಲವೇ?

ನಿಮ್ಮ ಸರ್‌ಗೂ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎಂದೇ ಬರೆ. ಆದರೆ ಬೇಗ ಬರೆ. ಎರಡು ತಿಂಗಳು ಅಂಚೆಯವನ ಸೈಕಲ್ಲು ನೋಡುತ್ತಾ ಕೂರುವ ಕೆಲಸ ನನಗೆ ಇನ್ನೊಂದು ಸಲ ಬೇಡ.

ನಿನ್ನ ದೊಡ್ಡಮ್ಮ,
ತೀರ್ಥಮ್ಮ